ಹೆದ್ದಾರಿಯ ಕೆಂಪು ದೀಪ ಯಾರ ಹೊಣೆ?

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೊರವಲಯದ ಚಿತ್ರಾವತಿ ಬಳಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಸುಮೊ ವಾಹನವೊಂದು ಹಿಂದಿನಿಂದ ಅಪ್ಪಳಿಸಿ 13 ಮಂದಿ ಪ್ರಾಣ ಕಳೆದುಕೊಂಡರು. ಮೃತರಲ್ಲಿ ಹೆಚ್ಚಿನವರು ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದ ದುಡಿಮೆಗಾಗಿ ಬೆಂಗಳೂರಿನತ್ತ ಹೊರಟಿದ್ದ ಕೂಲಿಕಾರ್ಮಿಕರು. ಮುಂಜಾನೆಯ ಮಂಜು, ವಾಹನದ ವೇಗ, ನಿಂತಿದ್ದ ಲಾರಿ, ಈ ಮೂರು ಕಾರಣಗಳು ಮರುದಿನದ ಪತ್ರಿಕೆಗಳಲ್ಲಿ ಬಂದವು. ಎಂದಿನಂತೆ ಸಂತಾಪ, ಎಂದಿನಂತೆ ಪರಿಹಾರ. ಆದರೆ ನಾಲ್ಕನೆಯ ಕಾರಣವೊಂದಿದೆ. ಅದು ಯಾವ ಪ್ರಥಮ ವರ್ತಮಾನ ವರದಿಯಲ್ಲೂ ನಮೂದಾಗುವುದಿಲ್ಲ. ಮುಂದೆ ಲಾರಿಯೊಂದು ನಿಂತಿದೆ ಎಂಬ ಸಂಗತಿಯನ್ನು ಹಿಂದಿನಿಂದ ಬರುತ್ತಿರುವ ಚಾಲಕನಿಗೆ ತಿಳಿಸಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ಆಡಳಿತ ವ್ಯವಸ್ಥೆಯಲ್ಲಿ ಸ್ಪಷ್ಟ ಉತ್ತರವಿಲ್ಲದಿರುವುದೇ ಆ ನಾಲ್ಕನೆಯ ಕಾರಣ.

ಭಾವನೆಗಳನ್ನು ಬದಿಗಿಟ್ಟು ಮೊದಲು ಲೆಕ್ಕ ನೋಡೋಣ. ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಅಡ್ಡಿಯನ್ನು ಕಂಡು, ಗ್ರಹಿಸಿ, ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಎರಡೂವರೆ ಸೆಕೆಂಡು ಬೇಕೆಂದು ರಸ್ತೆ ಎಂಜಿನಿಯರರು ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ವಾಹನ 55 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಮತ್ತೆ 72 ಮೀಟರ್. ಒಟ್ಟಾರೆ ಸುಮಾರು 128 ಮೀಟರ್. ಮಂಜಿನಲ್ಲಿ 40 ಮೀಟರಿನಾಚೆ ಏನೂ ಕಾಣದಿದ್ದರೆ, ಇದೇ ಸೂತ್ರದ ಪ್ರಕಾರ ಸುರಕ್ಷಿತ ವೇಗ ಗಂಟೆಗೆ 36 ಕಿಲೊಮೀಟರ್ ಮಾತ್ರ. ಸ್ಥಿರವಾದ ತಗಡಿನ ಫಲಕದ ಮೇಲೆ ಬರೆದ ವೇಗಮಿತಿ ಮಂಜಿಗೂ ಅಷ್ಟೇ, ಬಿಸಿಲಿಗೂ ಅಷ್ಟೇ. ಬೆಳಿಗ್ಗೆ ಆರು ಗಂಟೆಗೆ 40, ಹತ್ತು ಗಂಟೆಗೆ 80 ಎಂದು ಹೇಳಬಲ್ಲ ಫಲಕ ನಮಗೆ ಬೇಕಾಗಿದೆ. ನಂದಿ ಬೆಟ್ಟದ ಸಾಲಿನ ತಪ್ಪಲಿನಲ್ಲಿ ಚಳಿಗಾಲದ ಮಂಜು ಆಕಸ್ಮಿಕವೇನಲ್ಲ. ಪ್ರತಿವರ್ಷ ಬರುವ ಅತಿಥಿ. ಅದಕ್ಕೆ ನಾವು ಸಿದ್ಧರಿಲ್ಲದಿರುವುದನ್ನು ದೈವಾಧೀನ ಎನ್ನಲಾಗದು.

ರೈಲ್ವೆಯವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡರು. ಹಳಿಯನ್ನು ಖಂಡಗಳಾಗಿ ವಿಂಗಡಿಸಿ, ಒಂದು ಖಂಡದಲ್ಲಿ ಒಂದು ಗಾಡಿ ಇರುವವರೆಗೆ ಇನ್ನೊಂದಕ್ಕೆ ಪ್ರವೇಶವಿಲ್ಲ ಎಂಬ ನಿಯಮ ಮಾಡಿದರು. ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ ಕೈಗೆ ಬಾರದೆ ಚಾಲಕ ನಿಲ್ದಾಣ ಬಿಡುವಂತಿರಲಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುತ್ತಿದ್ದ ಆ ಪುಟ್ಟ ನ್ಯಾರೋಗೇಜ್ ರೈಲನ್ನು ಈ ಭಾಗದ ಹಿರಿಯರು ಮರೆತಿರಲಾರರು. ಅದು ಬ್ರಾಡ್‌ಗೇಜ್ ಆಗಿ ಮತ್ತೆ ಓಡಲಾರಂಭಿಸಿದ್ದು 2013ರಲ್ಲಿ. ಆಮೆನಡಿಗೆಯ ಆ ಗಾಡಿಗೂ ನಿಲ್ಲು, ಹೊರಡು ಎಂದು ಹೇಳುವ ಒಬ್ಬ ಸ್ಟೇಷನ್ ಮಾಸ್ತರ ಇರುತ್ತಿದ್ದ. ಗಂಟೆಗೆ ನೂರು ಕಿಲೊಮೀಟರ್ ವೇಗದಲ್ಲಿ ಸಾವಿರಾರು ವಾಹನಗಳು ಓಡುವ ಹೆದ್ದಾರಿಗೆ ಅಂಥವನೊಬ್ಬನೂ ಇಲ್ಲ. ರಸ್ತೆಯಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಸ್ಟೇಷನ್ ಮಾಸ್ತರ. ಹೆದ್ದಾರಿಯ ಸಂಚಾರ ನಿಯಂತ್ರಣ ವ್ಯವಸ್ಥೆ ಎಂದರೆ ಈ ಕೊರತೆಯನ್ನು ಯಂತ್ರ ಮತ್ತು ಮನುಷ್ಯರ ನೆರವಿನಿಂದ ಭಾಗಶಃ ತುಂಬುವ ಪ್ರಯತ್ನ, ಅಷ್ಟೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಭೂಪಟವನ್ನು ಎದುರಿಗಿಟ್ಟುಕೊಂಡರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯನ್ನು ಎರಡು ರಾಷ್ಟ್ರೀಯ ಹೆದ್ದಾರಿಗಳು ಶಿಲುಬೆಯಾಕಾರದಲ್ಲಿ ಹಾದುಹೋಗುತ್ತವೆ. ದಕ್ಷಿಣದಿಂದ ಉತ್ತರಕ್ಕೆ, ಬೆಂಗಳೂರಿನಿಂದ ಬಾಗೇಪಲ್ಲಿಯ ಮೂಲಕ ಹೈದರಾಬಾದಿನತ್ತ ಸಾಗುವುದು ಹೆದ್ದಾರಿ 44. ಹಳಬರಿಗೆ ಅದು ಇಂದಿಗೂ 'ಏಳನೇ ನಂಬರ್ ರಸ್ತೆ'. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸುಮಾರು 3,700 ಕಿಲೊಮೀಟರ್ ಉದ್ದದ ಇದು ದೇಶದ ಅತಿ ಉದ್ದದ ಹೆದ್ದಾರಿ. ಪಶ್ಚಿಮದಿಂದ ಪೂರ್ವಕ್ಕೆ ಇದನ್ನು ಅಡ್ಡಹಾಯುವುದು ಹೆದ್ದಾರಿ 69. ಹೊನ್ನಾವರದಿಂದ ಹೊರಟು ಚಿತ್ತೂರು ಸೇರುವ ಈ ರಸ್ತೆಯ ಇಲ್ಲಿನ ಭಾಗಕ್ಕೆ ಹಿಂದೆ 234 ಎಂಬ ಸಂಖ್ಯೆಯಿತ್ತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕೂ ಪಟ್ಟಣಗಳು ಇದೇ ರಸ್ತೆಯ ಮೇಲೆ ದಾರದಲ್ಲಿ ಪೋಣಿಸಿದಂತೆ ಕುಳಿತಿವೆ. ಮೊದಲನೆಯದು ದೂರಪ್ರಯಾಣದ ರಸ್ತೆ, ಎರಡನೆಯದು ಜಿಲ್ಲೆಯ ಬದುಕಿನ ರಸ್ತೆ. ಎರಡಕ್ಕೂ ಸರ್ಕಾರ ಕೊಟ್ಟಿರುವ ಹೆಸರು ಒಂದೇ, ರಾಷ್ಟ್ರೀಯ ಹೆದ್ದಾರಿ. ಆದರೆ ಎರಡರ ಕಾಯಿಲೆ ಬೇರೆ ಬೇರೆ. ಔಷಧವೂ ಬೇರೆ ಬೇರೆಯಾಗಿರಬೇಕು.

ತೊಂಬತ್ತರ ದಶಕದಲ್ಲಿ, ಈ ಭಾಗ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ಇಲ್ಲಿ ಕೆಲಸ ಮಾಡಿದ ನನಗೆ ಹಳೆಯ ಏಳನೇ ನಂಬರ್ ರಸ್ತೆ ಚೆನ್ನಾಗಿ ನೆನಪಿದೆ. ಎರಡು ಪಥದ ಆ ರಸ್ತೆಯಲ್ಲಿ ಎದುರುಬದುರು ಡಿಕ್ಕಿಯ ಭಯವಿತ್ತು. ವೇಗದ ಭಯ ಅಷ್ಟಾಗಿರಲಿಲ್ಲ. 1998ರಲ್ಲಿ ಆರಂಭವಾದ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಉತ್ತರ–ದಕ್ಷಿಣ ಕಾರಿಡಾರಿನ ಭಾಗವಾಗಿ ಅದು ಚತುಷ್ಪಥವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ತೆರೆಯಿತು. ಬೆಂಗಳೂರು ಉತ್ತರಕ್ಕೆ ಬೆಳೆಯಿತು. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವವರ ಕಾರು, ಬೈಕುಗಳ ಸಾಲು ಶನಿವಾರ ನಸುಕಿನಲ್ಲಿಯೇ ಆರಂಭವಾಗುತ್ತದೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ವಾರಾಂತ್ಯದ ಸಂಜೆಯ ದಟ್ಟಣೆಯೂ ಸೇರಿಕೊಂಡಿತು. ಹೀಗೆ ಒಂದೇ ಡಾಂಬರಿನ ಮೇಲೆ ಈಗ ಮೂರು ಬಗೆಯ ಸಂಚಾರವಿದೆ. ಹೈದರಾಬಾದಿನಿಂದ ಕೊಯಮತ್ತೂರಿಗೆ ಹೋಗುವ ಲಾರಿ, ಬೆಂಗಳೂರಿನ ವಿಹಾರಾರ್ಥಿಯ ಕಾರು, ಹೊಲದಿಂದ ಮಾರುಕಟ್ಟೆಗೆ ಹೂವು, ದ್ರಾಕ್ಷಿ, ತರಕಾರಿ ಒಯ್ಯುವ ರೈತನ ಟ್ರ್ಯಾಕ್ಟರು ಮತ್ತು ದ್ವಿಚಕ್ರ ವಾಹನ. ಮೂರರ ವೇಗ ಬೇರೆ, ಉದ್ದೇಶ ಬೇರೆ, ರಸ್ತೆಯ ಬಗೆಗಿನ ಕಲ್ಪನೆಯೂ ಬೇರೆ.

ಇದು ಒಂದು ಜಿಲ್ಲೆಯ ಗೋಳು ಮಾತ್ರವಲ್ಲ. ದೇಶದ ರಸ್ತೆಜಾಲದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ 61,038 ಮಂದಿ ಸತ್ತದ್ದು ಎಕ್ಸ್‌ಪ್ರೆಸ್‌ವೇಗಳೂ ಸೇರಿದಂತೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಅದೇ ವರದಿ ಬಹುಪಾಲು ಸಾವುಗಳಿಗೆ 'ಅತಿವೇಗ'ವನ್ನು ಕಾರಣವೆಂದು ಹೇಳುತ್ತದೆ. ಅಂಕಿಸಂಖ್ಯೆಗಳೊಡನೆ ಆಯುಷ್ಯ ಕಳೆದವನಾಗಿ ಈ ಮಾತನ್ನು ನಾನು ಸ್ವಲ್ಪ ಸಂಶಯದಿಂದ ಓದುತ್ತೇನೆ. ಅಪಘಾತದ ನಮೂನೆಯನ್ನು ತುಂಬುವ ಠಾಣೆಯ ಸಿಬ್ಬಂದಿಗೆ ಚಾಲಕನ ತಪ್ಪು ಬರೆಯುವುದು ಸುಲಭ. ರಸ್ತೆಯ ತಪ್ಪು ಬರೆಯುವುದಕ್ಕೆ ತರಬೇತಿಯೂ ಇಲ್ಲ, ಪ್ರೋತ್ಸಾಹವೂ ಇಲ್ಲ. ವೇಗ ಕೊಲ್ಲುತ್ತದೆ ಎಂಬುದು ನಿಜ. ಆದರೆ ವೇಗಕ್ಕೆಂದೇ ಕಟ್ಟಿದ ರಸ್ತೆಯಲ್ಲಿ ವೇಗವನ್ನು ಅಪರಾಧವೆಂದು ಮಾತ್ರ ಕಾಣುವುದು ಅರ್ಧಸತ್ಯ.

ಅಪಘಾತವಾದ ಕೂಡಲೇ ನಮ್ಮಲ್ಲಿ ಏಳುವ ಬೇಡಿಕೆಗಳು ಎರಡು. ಒಂದು, ರಸ್ತೆಉಬ್ಬು ಹಾಕಿ. ಇನ್ನೊಂದು, ಸಿಗ್ನಲ್ ದೀಪ ಹಾಕಿ. ಸ್ಥಳೀಯರ ಆತಂಕ ಅರ್ಥವಾಗುವಂಥದ್ದೇ. ಆದರೆ ಹೆದ್ದಾರಿ 44ರಂಥ ವೇಗದ ರಸ್ತೆಯ ಮಧ್ಯೆ ಕೆಂಪು ದೀಪ ನೆಟ್ಟರೆ ಅಡ್ಡದಾರಿಯ ಡಿಕ್ಕಿ ಕಡಿಮೆಯಾಗಬಹುದು, ಹಿಂದಿನಿಂದ ಬಂದು ಗುದ್ದುವ ಅಪಘಾತ ಹೆಚ್ಚುತ್ತದೆ. ಹಳದಿ ಬಿದ್ದಾಗ ಮುಂದಿನವನು ನಿಲ್ಲಲು ನಿರ್ಧರಿಸುತ್ತಾನೆ, ಹಿಂದಿನವನು ದಾಟಲು ನಿರ್ಧರಿಸುತ್ತಾನೆ. 128 ಮೀಟರಿನ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ. ಆದ್ದರಿಂದಲೇ ಜಗತ್ತಿನ ಯಾವ ಮೋಟಾರು ಮಾರ್ಗದಲ್ಲೂ ಚೌಕದ ದೀಪವಿರುವುದಿಲ್ಲ; ಅಲ್ಲಿ ಅಡ್ಡರಸ್ತೆಯೇ ಇರುವುದಿಲ್ಲ, ಅದು ಮೇಲೋ ಕೆಳಗೋ ಹಾದುಹೋಗುತ್ತದೆ. ಅಲ್ಲಿರುವ ಸಿಗ್ನಲ್ ಎಂದರೆ ಪಥಗಳ ಮೇಲೆ ತೂಗುವ ಬದಲಾಗಬಲ್ಲ ವೇಗಫಲಕ, ಪಥ ಮುಚ್ಚಿದೆ ಎಂದು ತೋರಿಸುವ ಕೆಂಪು ಗುರುತು, ಮುಂದೆ ವಾಹನ ನಿಂತಿದೆ ಎಂಬ ಎಚ್ಚರಿಕೆ. ನಮ್ಮ ಹೆದ್ದಾರಿ 44 ಅತ್ತ ಮೋಟಾರು ಮಾರ್ಗವೂ ಅಲ್ಲ, ಇತ್ತ ಊರ ರಸ್ತೆಯೂ ಅಲ್ಲ. ವೇಗ ಮೊದಲನೆಯದರದು, ರಸ್ತೆ ವಿಭಜಕದ ಕಿಂಡಿಗಳು, ಹಳ್ಳಿಯ ಕ್ರಾಸುಗಳು, ದಾಟುವ ದನಕರುಗಳು ಎರಡನೆಯದರವು.

ಹೆದ್ದಾರಿ 69ರ ಕಥೆ ಬೇರೆ. ಅಲ್ಲಿ ದೀಪಗಳು ಬೇಕು, ಸರಿಯಾದ ಲೆಕ್ಕಾಚಾರದ ದೀಪಗಳು ಬೇಕು. ಶಿಡ್ಲಘಟ್ಟಕ್ಕೆ ಬೆಳಗಿನ ಜಾವ ರೇಷ್ಮೆಗೂಡು ಹೊತ್ತ ವಾಹನಗಳು ಬರುತ್ತವೆ. ಚಿಂತಾಮಣಿಯಲ್ಲಿ ಬೆಂಗಳೂರು–ಕಡಪ ರಸ್ತೆ ಅಡ್ಡಬರುತ್ತದೆ. ಮದನಪಲ್ಲಿ ಕಡೆಯ ಟೊಮೆಟೊ ಲಾರಿಗಳು, ಕೈವಾರ ಮತ್ತು ಮುರುಗಮಲ್ಲದ ಯಾತ್ರಿಕರು ಅಲ್ಲಿ ಸಂಧಿಸುತ್ತಾರೆ. ಗೌರಿಬಿದನೂರಿನಲ್ಲಿ ಹಿಂದೂಪುರದ ರಸ್ತೆ, ಕೈಗಾರಿಕಾ ಪ್ರದೇಶದ ಪಾಳಿಯ ವಾಹನಗಳು. ಇಂಥ ಚೌಕಗಳಿಗೆ ದೀಪದ ಅವಧಿ ನಿಗದಿಪಡಿಸುವುದು ಅಂದಾಜಿನ ಕೆಲಸವಲ್ಲ. ಬ್ರಿಟನ್ನಿನ ವೆಬ್‌ಸ್ಟರ್ ಎಂಬ ಸಂಶೋಧಕ 1958ರಲ್ಲಿಯೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೂಡ ಸಿಗ್ನಲ್‌ಗಳಿಗಾಗಿಯೇ ಮಾರ್ಗಸೂಚಿ ಪ್ರಕಟಿಸಿದೆ. ತತ್ವ ಸರಳ. ಪ್ರತಿಬಾರಿ ದೀಪ ಬದಲಾದಾಗಲೂ ಹೊರಡುವ ಮತ್ತು ತೆರವಾಗುವ ಗಡಿಬಿಡಿಯಲ್ಲಿ ನಾಲ್ಕು ಸೆಕೆಂಡು ಪೋಲಾಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ದಿಕ್ಕಿಗೆ 16 ಸೆಕೆಂಡು. ಸುತ್ತು 60 ಸೆಕೆಂಡಿನದಾದರೆ ಕಾಲುಭಾಗಕ್ಕೂ ಹೆಚ್ಚು ಸಮಯ ವ್ಯರ್ಥ. 120 ಸೆಕೆಂಡಿನದಾದರೆ ವ್ಯರ್ಥ ಕಡಿಮೆ, ಆದರೆ ಕಾಯುವಿಕೆ ದೀರ್ಘ, ತಾಳ್ಮೆಗೆಟ್ಟವರು ಕೆಂಪಿನಲ್ಲೇ ನುಗ್ಗುತ್ತಾರೆ. ಎರಡರ ನಡುವಿನ ಹದ ಊರಿಂದೂರಿಗೆ, ಸಂತೆಯ ದಿನದಿಂದ ಸಾಮಾನ್ಯ ದಿನಕ್ಕೆ ಬೇರೆಯಾಗುತ್ತದೆ. ಇನ್ನು ಪಾದಚಾರಿ. 14 ಮೀಟರ್ ಅಗಲದ ರಸ್ತೆಯನ್ನು ದಾಟಲು ತರುಣನಿಗೆ 12 ಸೆಕೆಂಡು ಸಾಕು, ವೃದ್ಧೆಗೆ 18 ಬೇಕು. ನಮ್ಮ ಪಟ್ಟಣಗಳ ಎಷ್ಟು ಸಿಗ್ನಲ್‌ಗಳಲ್ಲಿ ಆ 18 ಸೆಕೆಂಡುಗಳಿವೆ ಎಂಬುದನ್ನು ಓದುಗರೇ ನಿಂತು ಎಣಿಸಬಹುದು.

ಇಲ್ಲೊಂದು ಅನುಭವವನ್ನು ಹೇಳಬೇಕು. ನಾನು ಸೇವೆಯಲ್ಲಿದ್ದಾಗ ಒಂದು ತಾಲ್ಲೂಕು ಕೇಂದ್ರದಲ್ಲಿ, ಊರಿನ ಹೆಸರು ಇಲ್ಲಿ ಮುಖ್ಯವಲ್ಲ, ಬಸ್ ನಿಲ್ದಾಣದ ಬಳಿ ಸಿಗ್ನಲ್ ಹಾಕಿಸಬೇಕೆಂದು ವರ್ಷಗಟ್ಟಲೆ ಒತ್ತಾಯವಿತ್ತು. ಕೊನೆಗೆ ಅನುದಾನ ಒದಗಿ ಬಂತು, ದೀಪ ಬಂತು, ಉದ್ಘಾಟನೆಯೂ ಆಯಿತು. ಆರು ತಿಂಗಳಲ್ಲಿ ಅದು ನಂದಿಹೋಯಿತು. ವಿಚಾರಿಸಿದರೆ ದೀಪ ಕೆಟ್ಟಿರಲಿಲ್ಲ. ವಿದ್ಯುತ್ ಬಿಲ್ಲು ಪಾವತಿಯಾಗಿರಲಿಲ್ಲ. ದೀಪ ಹಾಕಿಸಿದ ಇಲಾಖೆ ನಿರ್ವಹಣೆ ತನ್ನದಲ್ಲವೆಂದಿತು. ಸಂಚಾರ ನೋಡಿಕೊಳ್ಳುವವರು ಬಿಲ್ಲು ಕಟ್ಟಲು ತಮಗೆ ಲೆಕ್ಕಶೀರ್ಷಿಕೆಯೇ ಇಲ್ಲವೆಂದರು. ಸ್ಥಳೀಯ ಸಂಸ್ಥೆ ರಸ್ತೆ ತನ್ನದಲ್ಲವೆಂದಿತು. ಮೂವರ ಮಾತೂ ಕಡತದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಕಡತವನ್ನು ಮೇಲಕ್ಕೆ ಕಳುಹಿಸಿದವರಲ್ಲಿ ನಾನೂ ಒಬ್ಬ. ಅದು ಹಿಂದಿರುಗುವ ಮೊದಲೇ ನನಗೆ ವರ್ಗಾವಣೆಯಾಯಿತು. ಮುಂದೆ ಆ ದಾರಿಯಲ್ಲಿ ಹೋದಾಗಲೆಲ್ಲ ಆ ಕುರುಡು ಕಂಬ ನನ್ನ ಕಣ್ಣು ತಪ್ಪಿಸುವಂತೆ ಮಾಡುತ್ತಿತ್ತು. ಮೂರು ಕಚೇರಿಗಳಲ್ಲಿ ಸುತ್ತಾಡಿ ನಾನೇ ಒಂದು ದಿನ ಆ ಬಿಲ್ಲಿನ ಹೊಣೆಯನ್ನು ಯಾರಿಗಾದರೂ ಲಿಖಿತವಾಗಿ ವಹಿಸಬಹುದಿತ್ತು, ವಹಿಸಲಿಲ್ಲ.

ಅಂದಿನ ಆ ಬಿಲ್ಲಿನ ಪ್ರಶ್ನೆಯೇ ಇಂದು ದೊಡ್ಡ ಪ್ರಮಾಣದಲ್ಲಿ ನಮ್ಮೆದುರು ನಿಂತಿದೆ. ಹೆದ್ದಾರಿ 44 ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಅಧೀನ. ಅಲ್ಲಿ ಸುಂಕ ವಸೂಲಿಯೂ ಇದೆ. ಪಟ್ಟಣಗಳೊಳಗಿನ ಚೌಕಗಳಲ್ಲಿ ಲೋಕೋಪಯೋಗಿ ಇಲಾಖೆ, ನಗರಸಭೆ, ಪೊಲೀಸ್, ಬೆಸ್ಕಾಂ, ನಾಲ್ವರಿಗೂ ಪಾತ್ರವಿದೆ. ಅಪಘಾತವಾದರೆ 108ಕ್ಕೆ ಕರೆ ಹೋಗುತ್ತದೆ, ಹೆದ್ದಾರಿಯಲ್ಲಿ ವಾಹನ ಕೆಟ್ಟರೆ 1033ಕ್ಕೆ, ಅಪರಾಧವಾದರೆ 112ಕ್ಕೆ. ಮೂರು ಸಂಖ್ಯೆಗಳಿಗೆ ಉತ್ತರಿಸುವವರು ಮೂರು ಕಡೆ. ಸಂಚಾರ ನಿಯಂತ್ರಣವೆಂಬುದು ಮೂಲತಃ ಮಾಹಿತಿಯ ವ್ಯವಹಾರ. ಮಾಹಿತಿ ಮೂರು ಪಾಲಾದಲ್ಲಿ ನಿಯಂತ್ರಣ ಯಾರಿಗೂ ಸೇರದು.

ಯಂತ್ರಗಳನ್ನು ತಂದು ನೆಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಬ್ರಿಟನ್ನಿನ ಅನುಭವವನ್ನು ಗಮನಿಸಬೇಕು. 1995ರಲ್ಲಿ ಲಂಡನ್ನನ್ನು ಸುತ್ತುವರಿಯುವ ಎಂ-25 ಮಾರ್ಗದ ಒಂದು ಭಾಗದಲ್ಲಿ ದಟ್ಟಣೆಗೆ ತಕ್ಕಂತೆ ಬದಲಾಗುವ ವೇಗಮಿತಿ ಜಾರಿಗೆ ಬಂತು. ಎಲ್ಲರೂ ಸ್ವಲ್ಪ ನಿಧಾನವಾಗಿ, ಆದರೆ ಸಮವೇಗದಲ್ಲಿ ಸಾಗಿದರೆ ನಿಂತು ಹೊರಡುವ ಅಲೆಗಳು ತಗ್ಗುತ್ತವೆ ಎಂಬುದು ಅದರ ಹಿಂದಿನ ತತ್ವ. ಆ ಪ್ರಯೋಗದಿಂದ ಉತ್ತೇಜಿತರಾದವರು 2006ರಲ್ಲಿ ಎಂ-42ರಲ್ಲಿ ಇನ್ನೂ ಮುಂದೆ ಹೋದರು. ಕೆಟ್ಟ ವಾಹನ ನಿಲ್ಲಿಸಲೆಂದು ಇದ್ದ ಅಂಚಿನ ಪಥವನ್ನೇ ದಟ್ಟಣೆಯ ವೇಳೆಯಲ್ಲಿ ಸಂಚಾರಕ್ಕೆ ಬಿಟ್ಟರು. ಮುಂದೆ ಹಲವು ಮಾರ್ಗಗಳಲ್ಲಿ ಅಂಚಿನ ಪಥವೇ ಶಾಶ್ವತವಾಗಿ ಸಂಚಾರದ ಪಥವಾಯಿತು. ಅಗಲ ಮಾಡುವ ಖರ್ಚು ಉಳಿಯಿತು. ಆದರೆ ಕೆಟ್ಟು ನಿಂತ ವಾಹನಕ್ಕೆ ಜಾಗವೇ ಇಲ್ಲದಾಯಿತು. ಓಡುವ ಪಥದಲ್ಲೇ ನಿಂತ ವಾಹನಗಳಿಗೆ ಹಿಂದಿನವರು ಗುದ್ದಿ ಸಾವುಗಳಾದವು. ಸಾರ್ವಜನಿಕ ಆಕ್ರೋಶಕ್ಕೆ ಮಣಿದು 2022ರ ಜನವರಿಯಲ್ಲಿ ಹೊಸ ಕಾಮಗಾರಿಗಳಿಗೆ ತಡೆ ನೀಡಿ, 2023ರ ಏಪ್ರಿಲ್‌ನಲ್ಲಿ ಹೊಸ ಯೋಜನೆಗಳನ್ನೇ ಅಲ್ಲಿನ ಸರ್ಕಾರ ಕೈಬಿಟ್ಟಿತು. ಕ್ಯಾಮೆರಾ, ರಾಡಾರ್, ನಿಯಂತ್ರಣ ಕೊಠಡಿ ಎಲ್ಲವೂ ಇದ್ದ ದೇಶದಲ್ಲಿಯೇ ನಿಂತ ವಾಹನ ಇಷ್ಟು ದೊಡ್ಡ ಸಮಸ್ಯೆಯಾದರೆ, ಚಿತ್ರಾವತಿಯ ಬಳಿ ಅದು ಏನಾಗಬಹುದೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ನಮ್ಮಲ್ಲೂ ಯತ್ನಗಳಿಲ್ಲದಿಲ್ಲ. ಅದೇ 2023ರಲ್ಲಿ ಹೆದ್ದಾರಿ ಪ್ರಾಧಿಕಾರ ಸುಧಾರಿತ ಸಂಚಾರ ನಿರ್ವಹಣಾ ವ್ಯವಸ್ಥೆಗೆ ಹೊಸ ಮಾನದಂಡ ಪ್ರಕಟಿಸಿತು. ಹತ್ತು ಕಿಲೊಮೀಟರಿಗೊಂದರಂತೆ ಕ್ಯಾಮೆರಾ, ಹೆಲ್ಮೆಟ್ ಧರಿಸದವರಿಂದ ಹಿಡಿದು ಹೆದ್ದಾರಿಗೆ ನುಗ್ಗಿದ ಪ್ರಾಣಿಗಳವರೆಗೆ 14 ಬಗೆಯ ಘಟನೆಗಳನ್ನು ಗುರುತಿಸುವ ಸಾಮರ್ಥ್ಯ ಅದರಲ್ಲಿ ಸೇರಿವೆ. ಸ್ವಾಗತಾರ್ಹವೇ. ಆದರೆ ಹತ್ತು ಕಿಲೊಮೀಟರಿಗೊಂದು ಕಣ್ಣು ದಂಡ ವಿಧಿಸಲು ಸಾಕು, ಮಂಜಿನ ನಡುವೆ ನಿಂತ ಲಾರಿಯನ್ನು ಕಾಣಲು ಸಾಲದು. ದಂಡದ ಉಪಕರಣ ಮತ್ತು ರಕ್ಷಣೆಯ ಉಪಕರಣ ಒಂದೇ ಅಲ್ಲ ಎಂಬುದನ್ನು ನೀತಿ ರೂಪಿಸುವವರು ಮರೆಯಬಾರದು.

ಬೆಂಗಳೂರು–ಮೈಸೂರು ಹೆದ್ದಾರಿ ಈ ವಿಷಯದಲ್ಲಿ ರಾಜ್ಯದ ಪ್ರಯೋಗಶಾಲೆಯಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲಿಯೇ ಸಾವುನೋವು ಗಾಬರಿ ಹುಟ್ಟಿಸಿತು. ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನ ಮತ್ತು ಟ್ರ್ಯಾಕ್ಟರುಗಳನ್ನು ಮುಖ್ಯಪಥದಿಂದ ಹೊರಗಿಡಲಾಯಿತು. ವೇಗ ಅಳೆಯುವ ಕ್ಯಾಮೆರಾಗಳು ಬಂದವು, ದಂಡದ ನೋಟಿಸುಗಳು ಮನೆಗೆ ತಲುಪತೊಡಗಿದವು. ಮರುವರ್ಷ ಸಾವಿನ ಸಂಖ್ಯೆ ಗಣನೀಯವಾಗಿ ಇಳಿದದ್ದನ್ನು ಪೊಲೀಸ್ ಇಲಾಖೆ ಪ್ರಕಟಿಸಿದೆ. ನಿಯಂತ್ರಣದಿಂದ ಫಲವಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಆದರೆ ಅದನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದು ಸರಿಯಲ್ಲ. ಅಲ್ಲಿ ಎರಡೂ ಬದಿಯಲ್ಲಿ ಸರ್ವೀಸ್ ರಸ್ತೆಯಿದೆ. ಹೆದ್ದಾರಿ 44ರಲ್ಲಿ ಅದು ಎಲ್ಲೆಡೆ ಅವಿಚ್ಛಿನ್ನವಾಗಿಲ್ಲ. ಪರ್ಯಾಯ ದಾರಿ ಕೊಡದೆ ಹಾಲು, ಹೂವು ಹೊತ್ತ ದ್ವಿಚಕ್ರ ವಾಹನವನ್ನು ನಿಷೇಧಿಸಿದರೆ ರಕ್ಷಣೆಯ ಹೆಸರಿನಲ್ಲಿ ಜೀವನೋಪಾಯ ಕಸಿದಂತಾಗುತ್ತದೆ.

ಕಾನೂನಿನ ಕೊರತೆ ನಮಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 136ಎ ಕಲಂ ವಿದ್ಯುನ್ಮಾನ ನಿಗಾ ವ್ಯವಸ್ಥೆಯನ್ನು ರಾಜ್ಯಗಳ ಕರ್ತವ್ಯವಾಗಿಸಿದೆ. 2021ರಲ್ಲಿ ಬಂದ 167ಎ ನಿಯಮ ಅಪಾಯ ಹೆಚ್ಚಿರುವ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ ಉಪಕರಣ ಅಳವಡಿಸಬೇಕೆನ್ನುತ್ತದೆ. ಕ್ಯಾಮೆರಾ ಇದೆಯೆಂದು ಮುಂಚೆಯೇ ಫಲಕ ಹಾಕಬೇಕು, 15 ದಿನಗಳೊಳಗೆ ನೋಟಿಸು ತಲುಪಿಸಬೇಕು ಎಂದೂ ವಿಧಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇವುಗಳ ಜಾರಿಗೆ ರಾಜ್ಯಗಳನ್ನು ಒತ್ತಾಯಿಸಿದೆ. 198ಎ ಕಲಂ ಇನ್ನೂ ಮುಖ್ಯವಾದುದು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಮೀರಿದವರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಚಾಲಕನಿಗೆ ದಂಡ ಹಾಕಿದ ಉದಾಹರಣೆಗಳು ಪ್ರತಿದಿನ ಸಿಗುತ್ತವೆ. ರಸ್ತೆಗೆ ದಂಡ ಬಿದ್ದ ಸುದ್ದಿಯನ್ನು ಓದುಗರು ಎಷ್ಟು ಬಾರಿ ಓದಿದ್ದಾರೆ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪಿಗು ಎಂಬ ಹೆಸರು ಪರಿಚಿತ. ನನ್ನ ಅನುಕೂಲದ ವೆಚ್ಚವನ್ನು ನಾನು ತೆರದೆ ಬೇರೆಯವರು ತೆರುವಂತಾದಾಗ ಮಾರುಕಟ್ಟೆ ಸೋಲುತ್ತದೆ ಎಂಬುದನ್ನು ವಿವರಿಸಲು 1920ರಲ್ಲಿ ಆತ ಬಳಸಿದ ಉದಾಹರಣೆಗಳಲ್ಲಿ ಒಂದು ಎರಡು ರಸ್ತೆಗಳದ್ದೇ. ಹೆದ್ದಾರಿಯಲ್ಲಿ ಎದುರುದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರನ್ನು ಕಂಡಾಗ ನಾವು ಚಾಲಕನ ಅಜ್ಞಾನವನ್ನು ಶಪಿಸುತ್ತೇವೆ. ಅವನ ಹೊಲ ಕಿಂಡಿಯಿಂದ 200 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ನಿಯಮ ಪಾಲಿಸಿದರೆ ಮುಂದಿನ ತಿರುವಿಗೆ ಎರಡು ಕಿಲೊಮೀಟರ್ ಹೋಗಿ ಅಷ್ಟೇ ದೂರ ಹಿಂದಿರುಗಬೇಕು. ಡೀಸೆಲಿನ ವೆಚ್ಚ ಅವನದು, ಅಪಾಯದ ವೆಚ್ಚ ಎಲ್ಲರದು. ಅವನು ಮೂರ್ಖನಲ್ಲ, ತಪ್ಪು ಬೆಲೆಗಳ ನಡುವೆ ಸರಿಯಾದ ಲೆಕ್ಕ ಹಾಕಿದವನು. ಕಿಂಡಿ ಮುಚ್ಚಿದರೆ ಎದುರುದಿಕ್ಕಿನ ಸಂಚಾರ ಹೆಚ್ಚುತ್ತದೆ. ತೆರೆದಿಟ್ಟರೆ ಅಡ್ಡಡಿಕ್ಕಿ ಹೆಚ್ಚುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಕ್ಯಾಮೆರಾ ಸಾಲದು, ಕೆಳಸೇತುವೆ ಬೇಕು. ಹಾಗೆಯೇ ಬದಿಯಲ್ಲಿ ಲಾರಿ ನಿಲ್ಲಿಸಿ ನಿದ್ದೆ ಮಾಡುವ ಚಾಲಕನಿಗೂ ದಂಡಕ್ಕಿಂತ ಮೊದಲು ತಂಗುದಾಣ ಬೇಕು. ಹದಿನಾಲ್ಕು ಗಂಟೆ ಗಾಡಿ ಓಡಿಸಿದವನಿಗೆ ಎಲ್ಲಿ ನಿಲ್ಲಬಾರದೆಂದು ಹೇಳುವ ಸರ್ಕಾರ, ಎಲ್ಲಿ ನಿಲ್ಲಬಹುದೆಂಬುದನ್ನೂ ಹೇಳಬೇಕಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ದೇವನಹಳ್ಳಿಯಿಂದ ಆಂಧ್ರ ಗಡಿಯವರೆಗಿನ ಹೆದ್ದಾರಿ 44ಕ್ಕೆ ಒಂದೇ ನಿಯಂತ್ರಣ ಕೊಠಡಿ ಬೇಕು. ಅಲ್ಲಿ ಪ್ರಾಧಿಕಾರ, ಪೊಲೀಸ್, ಆಂಬುಲೆನ್ಸ್ ಸೇವೆಯ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕೂರಬೇಕು. ಕೆಟ್ಟ ವಾಹನದ ಸುದ್ದಿ ಬಂದ ಗಳಿಗೆಯಿಂದ ಅದು ತೆರವಾಗುವವರೆಗಿನ ಸಮಯವನ್ನು ದಾಖಲಿಸಿ ಪ್ರತಿ ತಿಂಗಳು ಪ್ರಕಟಿಸಬೇಕು. ಎರಡನೆಯದಾಗಿ, ಮಂಜು ಕವಿಯುವ ಭಾಗಗಳಲ್ಲಿ ಬದಲಾಗುವ ವೇಗಫಲಕಗಳನ್ನು ಮೊದಲು ಹಾಕಬೇಕು. ಇಡೀ ಹೆದ್ದಾರಿಗೆ ಒಮ್ಮೆಲೇ ಹಣ ಒದಗದು, ಆದರೆ ಮಂಜು ಎಲ್ಲಿ ಕವಿಯುತ್ತದೆಂಬುದು ಸ್ಥಳೀಯ ಪೊಲೀಸರಿಗೂ ಚಹಾ ಅಂಗಡಿಯವರಿಗೂ ಗೊತ್ತು. ಮೂರನೆಯದಾಗಿ, ವಿಭಜಕದ ಕಿಂಡಿಗಳ ಪಟ್ಟಿ ಮಾಡಿ, ಕೆಳಸೇತುವೆ ಅಥವಾ ಸರ್ವೀಸ್ ರಸ್ತೆ ಸಿದ್ಧವಾದ ನಂತರವೇ ಒಂದೊಂದಾಗಿ ಮುಚ್ಚಬೇಕು. ಅಲ್ಲಿಯವರೆಗೆ ಆ ಸ್ಥಳಗಳಲ್ಲಿ ಮಿನುಗುವ ಹಳದಿ ದೀಪ, ಬೆಳಕು ಮತ್ತು ಮುಂಚಿತ ಎಚ್ಚರಿಕೆ ಕಡ್ಡಾಯವಾಗಬೇಕು.

ನಾಲ್ಕನೆಯದಾಗಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಚೌಕಗಳಲ್ಲಿ ವಾಹನ ಮತ್ತು ಪಾದಚಾರಿಗಳ ಎಣಿಕೆ ನಡೆಸಿ ದೀಪದ ಅವಧಿಯನ್ನು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಬೆಂಗಳೂರಿನಲ್ಲಿ 2024ರಿಂದ ಬರುತ್ತಿರುವಂತೆ ದಟ್ಟಣೆಗೆ ತಕ್ಕಂತೆ ತಾನೇ ಬದಲಾಗುವ ದುಬಾರಿ ಸಿಗ್ನಲ್ ಇಲ್ಲಿಗೆ ತಕ್ಷಣ ಬೇಕಿಲ್ಲ. ಸಂತೆ ದಿನ, ಶಾಲೆಯ ವೇಳೆ, ರಾತ್ರಿ ಎಂದು ಮೂರು ವೇಳಾಪಟ್ಟಿಗಳಿದ್ದರೂ ಸಾಕು. ಸ್ಥಳೀಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಈ ಎಣಿಕೆಯನ್ನು ಒಂದು ವಾರದಲ್ಲಿ ಮಾಡಿಕೊಡಬಲ್ಲರು. ಐದನೆಯದು, ಎಲ್ಲಕ್ಕಿಂತ ಸಣ್ಣದಾಗಿ ಕಾಣುವ, ಎಲ್ಲಕ್ಕಿಂತ ಮುಖ್ಯವಾದ ಮಾತು: ಪ್ರತಿಯೊಂದು ದೀಪಕ್ಕೂ ಒಬ್ಬ ಒಡೆಯ ಬೇಕು. ಕಂಬದ ಮೇಲೆ ಸಂಖ್ಯೆ, ಹೊಣೆಗಾರ ಅಧಿಕಾರಿಯ ಹುದ್ದೆ, ದೂರವಾಣಿ ಬರೆದಿರಬೇಕು. ವಿದ್ಯುತ್ ಮತ್ತು ನಿರ್ವಹಣೆಯ ವೆಚ್ಚಕ್ಕೆ ಜಿಲ್ಲಾ ಮಟ್ಟದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಬೇಕು. ವಸೂಲಾದ ದಂಡದ ಒಂದು ಭಾಗ ಇದೇ ಖಾತೆಗೆ ಬರಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗಳು ಸಭೆ ಸೇರುತ್ತವೆ, ನಡಾವಳಿ ಬರೆಯುತ್ತವೆ. ಆ ಸಮಿತಿಗೆ ಹಣವನ್ನೂ ಕೊಟ್ಟರೆ ನಡಾವಳಿಗೆ ಜೀವ ಬರುತ್ತದೆ.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಆಕ್ಷೇಪ ಸಹಜ. ಹೆದ್ದಾರಿ 44ರಲ್ಲಿ ಪ್ರಯಾಣಿಕ ಪ್ರತಿಬಾರಿಯೂ ಸುಂಕ ತೆರುತ್ತಿದ್ದಾನೆ. ಸುಂಕವೆಂಬುದು ಡಾಂಬರಿಗೆ ಮಾತ್ರ ಕೊಡುವ ಬಾಡಿಗೆಯಲ್ಲ, ಸುರಕ್ಷಿತವಾಗಿ ತಲುಪಿಸುವ ಸೇವೆಯ ಬೆಲೆ. ಕ್ಯಾಮೆರಾಗಳು ಬಡವನನ್ನೇ ಹಿಡಿಯುತ್ತವೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಕಾರಿನವನಿಗೆ ಒಂದು ಸಾವಿರ ರೂಪಾಯಿ ಒಂದು ಹೊತ್ತಿನ ಊಟದ ಬಿಲ್ಲು. ಕೂಲಿಯವನಿಗೆ ಎರಡು ದಿನದ ದುಡಿಮೆ. ಆದ್ದರಿಂದ ಮೊದಲು ವೇಗ ಮತ್ತು ಪಥಶಿಸ್ತಿನತ್ತ, ಅಂದರೆ ಬೇರೆಯವರ ಪ್ರಾಣಕ್ಕೆ ಕುತ್ತು ತರುವ ಅಪರಾಧಗಳತ್ತ ಕ್ಯಾಮೆರಾ ತಿರುಗಬೇಕು. ಬೇಡಿಕೆಯನ್ನೇ ನಿಯಂತ್ರಿಸುವುದೂ ಸಾಧ್ಯ. 2021ರಲ್ಲಿ ಜನಸಂದಣಿ ಮಿತಿಮೀರಿದಾಗ ನಂದಿ ಬೆಟ್ಟಕ್ಕೆ ವಾರಾಂತ್ಯದ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸಿತ್ತು. ಬೆಟ್ಟದ ಬುಡದಲ್ಲಿ ತಡೆಯುವ ಬದಲು ಬೆಟ್ಟ ತುಂಬಿದೆ ಎಂಬ ಸುದ್ದಿಯನ್ನು ಹೆಬ್ಬಾಳದಲ್ಲೇ ಫಲಕದ ಮೂಲಕ ತಿಳಿಸಿದರೆ ಅರ್ಧದಷ್ಟು ವಾಹನಗಳಾದರೂ ಮನಸ್ಸು ಬದಲಿಸಿಯಾವು.

ಹೆದ್ದಾರಿ 44ರಿಂದ ಕೂಗಳತೆಯ ದೂರವಲ್ಲದಿದ್ದರೂ ಹೆಚ್ಚೇನೂ ದೂರವಿಲ್ಲದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಒಂದು ಮಟ್ಟಕ್ಕೆ ಏರಿದೊಡನೆ ಅವು ತಾವಾಗಿ ತೆರೆದುಕೊಳ್ಳುತ್ತಿದ್ದವು, ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. ಪ್ರವಾಹ ಬಂದ ಮೇಲೆ ಆದೇಶಕ್ಕಾಗಿ ಕಾಯಬೇಕಾಗಿರಲಿಲ್ಲ. ಅವರ ಜಿಲ್ಲೆಯ ಹೆದ್ದಾರಿಯಲ್ಲಿ ನಾವಿನ್ನೂ ಅಪಘಾತವಾದ ಮೇಲೆ ಸಭೆ ಕರೆಯುತ್ತಿದ್ದೇವೆ. ಚಳಿಗಾಲ ಪ್ರತಿವರ್ಷ ಬರುತ್ತದೆ, ಮಂಜು ಮತ್ತೆ ಕವಿಯುತ್ತದೆ, ಎಲ್ಲೋ ಒಂದು ಲಾರಿ ಟೈರು ಸಿಡಿದು ನಿಲ್ಲುತ್ತದೆ. ಅದರ ಹಿಂದೆ ಬರುತ್ತಿರುವ ವಾಹನದಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಹತ್ತೋ ಹನ್ನೆರಡೋ ಮಂದಿ ತೂಕಡಿಸುತ್ತಿರುತ್ತಾರೆ. ಆ ಚಾಲಕನಿಗೆ 128 ಮೀಟರ್ ಮುಂಚೆಯೇ ಸುದ್ದಿ ತಲುಪಿಸುವ ಹೊಣೆ ಯಾವ ಕಚೇರಿಯದು ಎಂಬುದನ್ನು ಒಂದು ಸರ್ಕಾರಿ ಆದೇಶದಲ್ಲಿ, ಎರಡು ಸಾಲಿನಲ್ಲಿ ಬರೆಯಬಹುದು. ಕೆಲಸ ಅಲ್ಲಿಂದ ಆರಂಭವಾಗಲಿ.